ಉಗ್ರಾಣಿಗೂ ಗೊತ್ತಿರಬಾರದ ಗುಟ್ಟು

ಹಾಸನದಿಂದ ಬೇಲೂರಿನ ಹಾದಿ ಹಿಡಿದು, ನಡುವೆ ಒಳದಾರಿಗೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಕೆರೆಯ ಪಕ್ಕದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಾಲಯ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113-14ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಇದನ್ನು ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಇದು ಚತುಷ್ಕೂಟ. ಅಂದರೆ ಒಂದೇ ಸೂರಿನಡಿ ನಾಲ್ಕು ಗರ್ಭಗುಡಿಗಳು. ಲಕ್ಷ್ಮಿ, ಕಾಳಿ, ಶಿವ ಎಲ್ಲರಿಗೂ ನಡುವಿನ ಮಂಟಪ ಒಂದೇ; ಬಾಗಿಲು ಮಾತ್ರ ಬೇರೆ ಬೇರೆ. ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬುಗೂಡಿನಂಥ ಇಬ್ಬರು ಬೇತಾಳರು ಕಾವಲು ನಿಂತಿದ್ದಾರೆ. ಮಂಟಪಕ್ಕೆ ಯಾರು ಬೇಕಾದರೂ ಬರಬಹುದು, ಒಳಗುಡಿಗೆ ಹೋಗುವವನು ಮಾತ್ರ ಈ ಇಬ್ಬರ ಮುಖ ನೋಡಿಯೇ ಹೋಗಬೇಕು.

ಹಲವರು ಒಂದೇ ಕಂಪ್ಯೂಟರನ್ನು ಬಳಸುವ ವ್ಯವಸ್ಥೆಯೂ ಇಂಥದೇ ಚತುಷ್ಕೂಟ. ಯಂತ್ರ ಒಂದು, ಬಳಸುವವರು ಹತ್ತಾರು ಮಂದಿ, ಪ್ರತಿಯೊಬ್ಬರ ಕಡತವೂ ಬೇರೆ. ಅಲ್ಲಿ ಬಾಗಿಲು ಕಾಯುವ ಬೇತಾಳನ ಹೆಸರು ಪಾಸ್‌ವರ್ಡ್, ಅಂದರೆ ಗುಪ್ತಪದ. ಇಂದು ದೊಡ್ಡಗದ್ದವಳ್ಳಿಯ ರೈತನ ಪಹಣಿ, ಪಿಂಚಣಿ, ಬ್ಯಾಂಕಿನ ಖಾತೆ ಎಲ್ಲವೂ ಅವನು ಎಂದೂ ನೋಡದ ಯಾವುದೋ ಯಂತ್ರದಲ್ಲಿವೆ. ಆ ಯಂತ್ರದ ಬಾಗಿಲನ್ನು ತೆರೆಯುವವರು ಹಲವರು. ಆದ್ದರಿಂದ ಗುಪ್ತಪದದ ಕತೆ ಕಂಪ್ಯೂಟರ್ ಕಲಿತವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಗುಟ್ಟು ಗೋಡೆಗೆ ಬಂದ ದಿನ

1960ರ ದಶಕದ ಆರಂಭದವರೆಗೆ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವಷ್ಟು ದೊಡ್ಡ, ಅತಿ ದುಬಾರಿ ಯಂತ್ರ. ತೂತು ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯ ಹುಡುಕಿದರು. ಯಂತ್ರದ ಸಮಯವನ್ನು ಚೂರುಚೂರು ಮಾಡಿ ಹಲವರಿಗೆ ಸರದಿಯಂತೆ ಹಂಚಿದರೆ, ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎನ್ನಿಸುತ್ತದೆ. 1961ರ ನವೆಂಬರಿನಲ್ಲಿ ಅವರು ಇದನ್ನು ಮಾಡಿ ತೋರಿಸಿದರು. ವ್ಯವಸ್ಥೆಯ ಹೆಸರು ಸಿಟಿಎಸ್‌ಎಸ್.

ಯಂತ್ರವನ್ನು ಹಂಚಿಕೊಂಡದ್ದಾಯಿತು. ಆದರೆ ಒಬ್ಬನ ಕಡತವನ್ನು ಇನ್ನೊಬ್ಬ ಓದಬಾರದಲ್ಲ? ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. ಕಂಪ್ಯೂಟರ್ ಜಗತ್ತಿನಲ್ಲಿ ಗುಪ್ತಪದದ ಮೊದಲ ಬಳಕೆಗಳಲ್ಲಿ ಇದೂ ಒಂದು. ಆದರೆ ಎಲ್ಲರ ಗುಪ್ತಪದಗಳನ್ನೂ ಒಂದೇ ಕಡತದಲ್ಲಿ, ಓದಿದರೆ ಅರ್ಥವಾಗುವಂತೆ, ಹಾಗೆಯೇ ಬರೆದಿಟ್ಟಿದ್ದರು. ಮದುವೆಮನೆಯ ಉಗ್ರಾಣದ ಬೀಗದ ಕೈಗಳನ್ನೆಲ್ಲ ಒಂದೇ ಮೊಳೆಗೆ ತೂಗು ಹಾಕಿದ ಹಾಗೆ.

ಫಲ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ಯಂತ್ರದ ಸಮಯ 4 ಗಂಟೆ. ಅದು ಅವರ ಕೆಲಸಕ್ಕೆ ಸಾಲದು. ಯಂತ್ರದಲ್ಲಿರುವ ಕಡತವನ್ನು ಮುದ್ರಿಸಿಕೊಡಿ ಎಂದು ಕಾರ್ಡಿನ ಮೂಲಕ ಕೇಳುವ ಸೌಲಭ್ಯವಿತ್ತು. 1962ರಲ್ಲಿ ಒಂದು ಶುಕ್ರವಾರ ಅವರು ಗುಪ್ತಪದಗಳ ಕಡತವನ್ನೇ ಕೇಳಿ ಕಾರ್ಡು ಹಾಕಿದರು. ಶನಿವಾರ ಬೆಳಿಗ್ಗೆ ಹೋದಾಗ ಎಲ್ಲರ ಗುಟ್ಟೂ ಅಚ್ಚಾಗಿ ಕಾದಿತ್ತು! ಶೆರ್ ಇದನ್ನು ಒಪ್ಪಿಕೊಂಡದ್ದು ಸುಮಾರು 25 ವರ್ಷಗಳ ನಂತರ.

ಎರಡನೆಯ ಪ್ರಸಂಗ 1966ರದು. ಬಳಕೆದಾರ ಒಳಗೆ ಬರುತ್ತಲೇ ಅವನಿಗೆ ಕಾಣುವ ‘ಇಂದಿನ ಸೂಚನೆ’ಯನ್ನು ಒಬ್ಬ ನಿರ್ವಾಹಕ ತಿದ್ದುತ್ತಿದ್ದ. ಅದೇ ಹೊತ್ತಿಗೆ ಇನ್ನೊಬ್ಬ ಗುಪ್ತಪದಗಳ ಕಡತವನ್ನು ತಿದ್ದುತ್ತಿದ್ದ. ತಿದ್ದುವಾಗ ಬಳಕೆಯಾಗುತ್ತಿದ್ದ ತಾತ್ಕಾಲಿಕ ಕಡತಕ್ಕೆ ಒಂದೇ ಹೆಸರಿದ್ದುದರಿಂದ ಎರಡೂ ಅದಲುಬದಲಾದವು. ಅಂದು ಒಳಬಂದ ಪ್ರತಿಯೊಬ್ಬನ ಮುಂದೆಯೂ ಎಲ್ಲರ ಗುಪ್ತಪದಗಳ ಪಟ್ಟಿ ಸೂಚನೆಯಾಗಿ ಮೂಡತೊಡಗಿತು. ಕಳ್ಳರಿಲ್ಲ, ಸಂಚಿಲ್ಲ; ಕೈತಪ್ಪಿನಿಂದಲೇ ಉಗ್ರಾಣ ಬಟಾಬಯಲಾಯಿತು. ಬೇತಾಳನೇ ಬೀದಿಗೆ ಬಂದು ಗುಟ್ಟನ್ನು ಸಾರಿದಂತೆ.

ಈ ಎರಡು ಪ್ರಸಂಗಗಳ ಪಾಠ ಒಂದೇ. ಗುಪ್ತಪದವನ್ನು ಬಳಕೆದಾರ ಎಷ್ಟೇ ಜೋಪಾನ ಮಾಡಲಿ, ಅದನ್ನು ಕೂಡಿಟ್ಟ ಜಾಗ ಹರಕಾಗಿದ್ದರೆ ಪ್ರಯೋಜನವಿಲ್ಲ.

ರುಬ್ಬಿದ ಚಟ್ನಿ, ಒಂದು ಚಿಟಿಕೆ ಉಪ್ಪು

ಹಾಗಾದರೆ ಎಲ್ಲಿ ಇಡಬೇಕು? ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರೋಜರ್ ನೀಡಂ ಎಂಬುವರು ಅದೇ ದಶಕದಲ್ಲಿ ಕೊಟ್ಟ ಉತ್ತರ ಸರಳವಾದದ್ದು: ಎಲ್ಲಿಯೂ ಇಡಬೇಡಿ! ಗುಪ್ತಪದವನ್ನು ಗಣಿತದ ಒಂದು ಯಂತ್ರಕ್ಕೆ ಹಾಕಿ, ಗುರುತೇ ಸಿಗದಂತೆ ಮಾಡಿ, ಆ ರೂಪವನ್ನಷ್ಟೇ ಇಟ್ಟುಕೊಳ್ಳಿ ಎಂಬುದು ಅವರ ಸಲಹೆ.

ಇದನ್ನು ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳಬಹುದು. ತೆಂಗಿನಕಾಯಿ, ಮೆಣಸಿನಕಾಯಿ, ಹುಣಿಸೆಹಣ್ಣನ್ನು ಒರಳಿಗೆ ಹಾಕಿ ರುಬ್ಬಿದರೆ ಚಟ್ನಿಯಾಗುತ್ತದೆ. ಚಟ್ನಿಯನ್ನು ಹಿಂದಕ್ಕೆ ತಿರುವಿ ಕಾಯಿಯ ಹೋಳನ್ನು ಮರಳಿ ಪಡೆಯಲು ಯಾರಿಂದಲೂ ಆಗದು. ಆದರೆ ಅದೇ ಸಾಮಾನನ್ನು ಅದೇ ಅಳತೆಯಲ್ಲಿ ಹಾಕಿದರೆ ಅದೇ ಚಟ್ನಿ ಬರುತ್ತದೆ. ನೀವು ಗುಪ್ತಪದ ಒತ್ತಿದಾಗ ಯಂತ್ರ ಮಾಡುವುದೂ ಇದನ್ನೇ. ನೀವು ಕೊಟ್ಟದ್ದನ್ನು ಆಗಲೇ ರುಬ್ಬಿ, ಮೊದಲೇ ತೆಗೆದಿಟ್ಟ ಚಟ್ನಿಯ ಜೊತೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಉಗ್ರಾಣ ಕಾಯುವವನಿಗೂ ಗೊತ್ತಿರುವುದು ಚಟ್ನಿಯೊಂದೇ. ನಿಮ್ಮ ಗುಟ್ಟು ಅವನಿಗೂ ತಿಳಿಯದು.

ಆದರೂ ಒಂದು ಸಂದು ಉಳಿಯುತ್ತದೆ. ಇಬ್ಬರ ಗುಪ್ತಪದ ಒಂದೇ ಆದರೆ ಇಬ್ಬರ ಚಟ್ನಿಯೂ ಒಂದೇ. ಮೇಲಾಗಿ ಚಾಲಾಕಿಯಾದವನು ನಿಘಂಟಿನ ಪದಗಳನ್ನೆಲ್ಲ ಮೊದಲೇ ರುಬ್ಬಿ ಸಾಲಾಗಿ ಜೋಡಿಸಿಟ್ಟುಕೊಂಡು, ಕದ್ದ ಕಡತದ ಜೊತೆ ತಾಳೆ ನೋಡಬಹುದು. ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಬೆಳೆಸಿದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಪರಿಹಾರ ವಿವರಿಸಿದರು. ಪ್ರತಿಯೊಬ್ಬನ ಗುಪ್ತಪದಕ್ಕೂ ಬೇರೆ ಬೇರೆಯಾದ ಒಂದು ಚಿಟಿಕೆಯನ್ನು ಯಂತ್ರವೇ ಬೆರೆಸಿ ರುಬ್ಬುವುದು. ಅದಕ್ಕೆ ಅವರಿಟ್ಟ ಹೆಸರು ‘ಉಪ್ಪು’! ಅಂದಿನ ಯುನಿಕ್ಸ್‌ನಲ್ಲಿ ಇಂಥ ಉಪ್ಪು 4,096 ಬಗೆ. ಈಗ ಕಳ್ಳ ನಿಘಂಟನ್ನು ಒಮ್ಮೆ ರುಬ್ಬಿಟ್ಟರೆ ಸಾಲದು, ಪ್ರತಿ ಉಪ್ಪಿಗೂ ಒಂದೊಂದು ಸಲ ರುಬ್ಬಬೇಕು. ಸಾಲದ್ದಕ್ಕೆ ಒರಳೂ ನಿಧಾನವಾಗಿ ತಿರುಗುವಂತೆ, ಒಂದೇ ಕ್ರಿಯೆಯನ್ನು 25 ಬಾರಿ ಮಾಡಿಸಿದರು.

ಅದೇ ಪ್ರಬಂಧದಲ್ಲಿ ಅವರು ಜನರ ಸ್ವಭಾವವನ್ನೂ ಅಳೆದಿದ್ದರು. ಸಂಗ್ರಹಿಸಿದ 3,289 ಗುಪ್ತಪದಗಳಲ್ಲಿ 15 ಪದಗಳಿಗೆ ಇದ್ದದ್ದು ಒಂದೇ ಅಕ್ಷರ. 72ಕ್ಕೆ ಎರಡು, 464ಕ್ಕೆ ಮೂರು. ಇನ್ನೂ ಹಲವು ನಿಘಂಟಿನಲ್ಲೇ ಸಿಕ್ಕವು. ಒಟ್ಟು 2,831, ಅಂದರೆ ಶೇಕಡ 86ರಷ್ಟು, ಸುಲಭವಾಗಿ ಪತ್ತೆಯಾಗುವಂಥವು. ಬೀಗ ಮಾಡುವವನು ಎಷ್ಟೇ ಜಾಣನಾದರೂ, ಬೀಗದ ಕೈಯನ್ನು ಹೊಸಿಲ ಮೇಲೆ ಇಟ್ಟು ಹೋಗುವವನನ್ನು ಕಾಪಾಡುವುದು ಕಷ್ಟ.

ಥಾಂಪ್ಸನ್ ತಾವೇ ಇಟ್ಟುಕೊಂಡಿದ್ದ ಗುಪ್ತಪದ ಮಾತ್ರ ಗಟ್ಟಿಯಾದದ್ದು. ಯುನಿಕ್ಸ್‌ನ ಹಳೆಯ ಪ್ರತಿಯೊಂದರಲ್ಲಿ ಉಳಿದಿದ್ದ ಅದರ ರುಬ್ಬಿದ ರೂಪವನ್ನು ಆಸಕ್ತರು ಒಡೆದದ್ದು 2019ರಲ್ಲಿ. ಸುಮಾರು 40 ವರ್ಷ ಅದು ಗುಟ್ಟಾಗಿಯೇ ಇತ್ತು. ಒಡೆದಾಗ ಸಿಕ್ಕಿದ್ದು ಚದುರಂಗದ ಒಂದು ನಡೆ: ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ತಳ್ಳುವುದು.

ಅಪ್ಪನ ಎಚ್ಚರಿಕೆ, ಮಗನ ಹುಳು

ಯುನಿಕ್ಸ್‌ನಲ್ಲಿ ರುಬ್ಬಿದ ಗುಪ್ತಪದಗಳ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. ಗಣಿತವೇ ಕಾಯುತ್ತದೆ, ಮುಚ್ಚಿಡುವುದೇಕೆ ಎಂಬುದು ಅಂದಿನ ಧೈರ್ಯ. ಆದರೆ ವರ್ಷದಿಂದ ವರ್ಷಕ್ಕೆ ಯಂತ್ರಗಳ ವೇಗ ಹೆಚ್ಚಿತು. ರುಬ್ಬಿ ರುಬ್ಬಿ ತಾಳೆ ನೋಡುವುದು ಸಲೀಸಾಯಿತು.

1988ರ ನವೆಂಬರ್ 2ರಂದು ಅಮೆರಿಕದ ಇಂಟರ್‌ನೆಟ್‌ನಲ್ಲಿ ಒಂದು ‘ಹುಳು’ ಹರಿದಾಡಿತು. ಸಾವಿರಾರು ಯಂತ್ರಗಳನ್ನು ನಿಧಾನಗೊಳಿಸಿ ನೆಲಕಚ್ಚಿಸಿದ ಆ ಪ್ರೋಗ್ರಾಮ್ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಲು ಬಳಸಿದ ದಾರಿಗಳಲ್ಲಿ ಗುಪ್ತಪದವನ್ನು ಊಹಿಸುವುದೂ ಒಂದು. ಬಳಕೆದಾರನ ಹೆಸರು, ಅದನ್ನೇ ಹಿಂದುಮುಂದಾಗಿ ಬರೆದದ್ದು, ಜೊತೆಗೆ ತನ್ನಲ್ಲೇ ಹೊತ್ತು ತಂದ 432 ಪದಗಳ ಪಟ್ಟಿ, ಇಷ್ಟರಿಂದಲೇ ಎಷ್ಟೋ ಬಾಗಿಲು ತೆರೆದವು. ಅದನ್ನು ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್. 1979ರ ಪ್ರಬಂಧದಲ್ಲಿ ಎಚ್ಚರಿಕೆ ಕೊಟ್ಟಿದ್ದ ರಾಬರ್ಟ್ ಮಾರಿಸರ ಮಗ! ನ್ಯಾಯಾಲಯ 1990ರಲ್ಲಿ ಆತನಿಗೆ 3 ವರ್ಷದ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು ದಂಡ ವಿಧಿಸಿತು.

ಆ ದಶಕದ ಕೊನೆಯಲ್ಲಿ ರುಬ್ಬಿದ ರೂಪವನ್ನೂ ಸಾರ್ವಜನಿಕ ಕಡತದಿಂದ ತೆಗೆದು, ಯಂತ್ರದ ಮುಖ್ಯ ನಿರ್ವಾಹಕ ಮಾತ್ರ ತೆರೆಯಬಲ್ಲ ‘ನೆರಳು’ ಕಡತಕ್ಕೆ ಸಾಗಿಸುವ ಪದ್ಧತಿ ಬಂತು. 1999ರಲ್ಲಿ ನೀಲ್ಸ್ ಪ್ರೋವೋಸ್ ಮತ್ತು ಡೇವಿಡ್ ಮಾಜಿಯೆರ್ ಇನ್ನೊಂದು ಹೆಜ್ಜೆ ಇಟ್ಟರು. ಯಂತ್ರಗಳು ವೇಗವಾದಂತೆಲ್ಲ ಒರಳನ್ನೂ ಬೇಕೆಂದೇ ಭಾರ ಮಾಡುತ್ತ ಹೋಗುವ ವಿಧಾನ ಅವರದು. ಮನೆಯವನಿಗೆ ಒಂದು ಕ್ಷಣ ತಡವಾದರೆ ನಷ್ಟವಿಲ್ಲ, ಕೋಟಿ ಸಲ ರುಬ್ಬಬೇಕಾದ ಕಳ್ಳನಿಗೆ ಆ ಒಂದು ಕ್ಷಣವೇ ಬೆಟ್ಟವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಹಳೆಯ ತಪ್ಪು ನಿಂತಿಲ್ಲ. 2009ರಲ್ಲಿ ರಾಕ್‌ಯು ಎಂಬ ಅಮೆರಿಕದ ಕಂಪನಿಯಿಂದ 3 ಕೋಟಿಗೂ ಹೆಚ್ಚು ಗುಪ್ತಪದಗಳು ಸೋರಿಹೋದವು. ರುಬ್ಬುವುದಿರಲಿ, ಅವನ್ನು ಹೋಳು ಕೂಡ ಮಾಡಿರಲಿಲ್ಲ. ಇದ್ದದ್ದು ಇದ್ದ ಹಾಗೆಯೇ ಬರೆದಿಟ್ಟಿದ್ದರು. ಅವುಗಳಲ್ಲಿ ಅತಿ ಹೆಚ್ಚು ಜನ ಬಳಸಿದ್ದು ಒಂದರಿಂದ ಆರರವರೆಗಿನ ಅಂಕಿಗಳನ್ನು!

ಪಹಣಿಯ ಮೇಲೆ ಯಾರ ಬೆರಳು?

ಇನ್ನು ನಮ್ಮ ನೆಲಕ್ಕೆ ಬರೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜಮೀನಿನ ಲೆಕ್ಕ ಶಾನುಭೋಗರ ಕೈಯಲ್ಲಿತ್ತು. ಪುಸ್ತಕ ಅವರ ಮನೆಯಲ್ಲಿ, ಕೀಲಿ ಅವರ ಜನಿವಾರದಲ್ಲಿ ಎನ್ನುವಂಥ ಕಾಲ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾಗಿ, ಸರ್ಕಾರಿ ನೌಕರರಾದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬರ ಸುಪರ್ದಿನಲ್ಲೇ ಉಳಿಯಿತು. ರಾಜ್ಯದಾದ್ಯಂತ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಪಹಣಿಗಳು ಇದ್ದವು. ಅಲ್ಲೊಂದು ಹೆಸರು ಅಳಿಸಿ ಇನ್ನೊಂದು ಹೆಸರು ಬರೆದರೆ, ಯಾವಾಗ ಬರೆದರು, ಯಾರು ಬರೆದರು ಎಂದು ಕಂಡುಹಿಡಿಯುವುದು ರೈತನ ಅಳವಿನ ಮಾತಾಗಿರಲಿಲ್ಲ.

2000ದ ಆಸುಪಾಸಿನಲ್ಲಿ ರಾಜ್ಯದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯನ್ನು ಕೈಗೊಂಡಿತು. ಅದರ ಮುಂದಾಳು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ್ದು. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರಿನವು, ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯಲ್ಲಿ ಅಂದು 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಸಿಗುತ್ತಿತ್ತು. ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು.

ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಪಹಣಿ ಓದುವುದು ಗುಟ್ಟಿನ ವಿಷಯವಲ್ಲ. ಯಾರ ಜಮೀನಿನ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದು. ಮಂಟಪ ಎಲ್ಲರದು. ಆದರೆ ಅದನ್ನು ತಿದ್ದುವುದು ಒಳಗುಡಿಯ ಕೆಲಸ. ತಿದ್ದುವ ಅಧಿಕಾರಿಗಳಿಗೆ ಬರೀ ಗುಪ್ತಪದ ಸಾಲದೆಂದು ‘ಭೂಮಿ’ಯಲ್ಲಿ ಬೆರಳಚ್ಚಿನ ಗುರುತನ್ನು ಕಡ್ಡಾಯ ಮಾಡಿದರು. ಕಾರಣ ಸರಳ. ಗುಪ್ತಪದವನ್ನು ಹೇಳಿಕೊಡಬಹುದು, ಬೆರಳನ್ನು ಕೊಡಲಾಗದು. ಖಾತೆ ಬದಲಾವಣೆಯಲ್ಲಿ ತಪ್ಪಾದರೆ ‘ನನ್ನ ಪಾಸ್‌ವರ್ಡ್ ಯಾರೋ ಬಳಸಿದ್ದಾರೆ, ನನಗೆ ಗೊತ್ತಿಲ್ಲ’ ಎಂದು ಅಧಿಕಾರಿ ಕೈತೊಳೆದುಕೊಳ್ಳಬಾರದು ಎಂಬುದೇ ಅದರ ಉದ್ದೇಶ.

ಕಚೇರಿಗಳ ಒಳಗನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಸಾಹೇಬರ ಗುಪ್ತಪದ ಗುಮಾಸ್ತರಿಗೆ ಗೊತ್ತು, ಗುಮಾಸ್ತರದ್ದು ಡಾಟಾ ಎಂಟ್ರಿ ಹುಡುಗನಿಗೆ ಗೊತ್ತು. ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ ಎಲ್ಲರಿಗೂ ಗೊತ್ತು. ಕೆಲಸ ಬೇಗ ಸಾಗಲೆಂದೇ ಹೀಗೆ ಮಾಡುತ್ತಾರೆ, ಕೆಡುಕು ಬಗೆದಲ್ಲ. ಆದರೆ ಐವರು ಒಂದೇ ಗುಪ್ತಪದ ಬಳಸಿದ ದಿನ, ಯಂತ್ರದ ದಾಖಲೆಯಲ್ಲಿ ಐವರೂ ಒಬ್ಬರೇ ಆಗಿಬಿಡುತ್ತಾರೆ. ತಪ್ಪು ನಡೆದಾಗ ಯಾರೂ ಹೊಣೆಯಲ್ಲ, ಅಥವಾ ಏನೂ ತಿಳಿಯದ ಒಬ್ಬನೇ ಹೊಣೆ. ಹಳೆಯ ಪುಸ್ತಕದಲ್ಲಿ ಕೈಬರಹದ ಗುರುತಾದರೂ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲರ ಅಕ್ಷರವೂ ಒಂದೇ.

ಹಾಗಂತ ಬೆರಳೇ ಎಲ್ಲಕ್ಕೂ ಮದ್ದೆಂದು ಹೇಳುವಂತಿಲ್ಲ. ನೋಂದಣಿ ಪತ್ರಗಳ ಮೇಲಿದ್ದ ಹೆಬ್ಬೆರಳಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕಿನ ಹಣ ತೆಗೆದರೆಂಬ ದೂರುಗಳು 2023ರಲ್ಲಿ ಬೆಂಗಳೂರಿನ ಪೊಲೀಸರಿಗೆ ಬಂದವು. ಗುಪ್ತಪದ ಸೋರಿದರೆ ನಾಳೆಯೇ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ? ಕದ್ದ ಗುರುತು ಜೀವಮಾನವಿಡೀ ಕದ್ದದ್ದೇ.

ಎರಡು ಕೀಲಿಯ ಪಾಠ

ಇದಕ್ಕೆ ಉತ್ತರ ನಮ್ಮ ಹಳೆಯ ಖಜಾನೆಗಳಲ್ಲೇ ಇದೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆರೆಯುತ್ತದೆ. ಅದಕ್ಕೆ ಮುನ್ನ ದೇವಿಯ ಆಭರಣಗಳು ಜಿಲ್ಲಾ ಖಜಾನೆಯಿಂದ ಮೆರವಣಿಗೆಯಲ್ಲಿ ಬರುತ್ತವೆ. ಸರ್ಕಾರಿ ಖಜಾನೆಯ ಭದ್ರ ಕೋಣೆಗೆ ‘ಡಬಲ್ ಲಾಕ್’ ಪದ್ಧತಿ. ಎರಡು ಬೀಗ, ಎರಡು ಕೀಲಿ, ಇಬ್ಬರು ಬೇರೆ ಬೇರೆ ಅಧಿಕಾರಿಗಳ ಬಳಿ. ಒಬ್ಬರು ಬಾರದಿದ್ದರೆ ಇನ್ನೊಬ್ಬರಿಂದ ತೆರೆಯಲಾಗದು. ತೆರೆದದ್ದಕ್ಕೆ ದಾಖಲೆ. ಇದು ಅಧಿಕಾರಿಗಳ ಮೇಲಿನ ಅಪನಂಬಿಕೆಯಲ್ಲ. ನಾಳೆ ಸಂಶಯ ಬಂದರೆ ಪ್ರಾಮಾಣಿಕನನ್ನು ಕಾಪಾಡುವ ವ್ಯವಸ್ಥೆ.

ಇಂದಿನ ಬ್ಯಾಂಕುಗಳು ಗುಪ್ತಪದದ ಜೊತೆಗೆ ಮೊಬೈಲಿಗೆ ಒಟಿಪಿ ಕಳುಹಿಸುವುದೂ ಇದೇ ಎರಡು ಕೀಲಿಯ ತತ್ವ. ಒಂದು ನಿಮ್ಮ ತಲೆಯಲ್ಲಿರುವ ಗುಟ್ಟು, ಇನ್ನೊಂದು ನಿಮ್ಮ ಕೈಯಲ್ಲಿರುವ ವಸ್ತು. ಫೋನಿನಲ್ಲಿ ಕೇಳಿದವನಿಗೆ ಒಟಿಪಿ ಹೇಳಿದರೆ ಎರಡನೆಯ ಕೀಲಿಯನ್ನೂ ನಾವೇ ಒಪ್ಪಿಸಿದಂತೆ.

ಹಲವರು ಬಳಸುವ ಯಂತ್ರವನ್ನು ನೋಡಿಕೊಳ್ಳುವವರಿಗೆ ಆರು ದಶಕಗಳ ಅನುಭವ ಹೇಳುವುದು ಇಷ್ಟು. ಒಬ್ಬರಿಗೆ ಒಂದೇ ಖಾತೆ, ಅದು ಅವರೊಬ್ಬರದೇ. ವರ್ಗವಾಗಿ ಹೋದವರ ಖಾತೆಯನ್ನು ಅಂದೇ ಮುಚ್ಚಬೇಕು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಯಾರಾದರೂ ಗುಪ್ತಪದ ಮರೆತರೆ ನಿರ್ವಾಹಕ ಹೊಸದನ್ನು ಇಟ್ಟುಕೊಳ್ಳಲು ದಾರಿ ಮಾಡಿಕೊಡಬೇಕೇ ಹೊರತು ಹಳೆಯದನ್ನು ಓದಿ ಹೇಳುವಂತಿರಬಾರದು. ಮರೆತ ಗುಪ್ತಪದವನ್ನು ಯಾವುದಾದರೂ ಸಂಸ್ಥೆ ನಿಮಗೆ ಇದ್ದಂತೆಯೇ ಹೇಳಿಬಿಟ್ಟರೆ, ಅಲ್ಲಿ ರುಬ್ಬುವ ಕೆಲಸವೇ ನಡೆದಿಲ್ಲವೆಂದು ತಿಳಿಯಿರಿ.

ಬಳಸುವವರಿಗೂ ಒಂದು ಸಮಾಧಾನದ ಸುದ್ದಿಯಿದೆ. ಮೂರು ತಿಂಗಳಿಗೊಮ್ಮೆ ಬದಲಿಸಿ, ಚಿಹ್ನೆ ಸೇರಿಸಿ, ಅಂಕಿ ಸೇರಿಸಿ ಎಂಬ ಕಾಟಕ್ಕೆ ಬಹುಮಟ್ಟಿಗೆ ಮೂಲವಾದದ್ದು 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಗಾಗಿ ಬಿಲ್ ಬರ್ ಬರೆದ ಮಾರ್ಗಸೂಚಿ. ಅದರಿಂದ ಜನ ಹಳೆಯ ಪದಕ್ಕೇ ಒಂದೊಂದು ಅಂಕಿ ಅಂಟಿಸುತ್ತ ಹೋದರು. 2017ರಲ್ಲಿ ಬರ್ ತಾವೇ ಪಶ್ಚಾತ್ತಾಪ ಪಟ್ಟರು, ಅದೇ ವರ್ಷ ಸಂಸ್ಥೆಯೂ ನಿಯಮ ಸಡಿಲಿಸಿತು. ಸೋರಿದ ಸುಳಿವಿಲ್ಲದೆ ಬದಲಿಸಬೇಕಾಗಿಲ್ಲ, ಬೇಕಾದದ್ದು ಉದ್ದ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಸಾಲು ನೆನಪಿಡಲು ಸುಲಭ, ಊಹಿಸಲು ಕಷ್ಟ. ಬ್ಯಾಂಕಿಗೆ ಇಟ್ಟದ್ದನ್ನು ಬೇರೆಲ್ಲೂ ಇಡದಿದ್ದರೆ ಆಯಿತು. ಇನ್ನೊಬ್ಬರ ಗುಪ್ತಪದವನ್ನು ವಂಚನೆಗೆ ಬಳಸಿದರೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ ಎಂಬುದೂ ತಿಳಿದಿರಲಿ.

ಗುಪ್ತಪದವನ್ನು ಕಂಪ್ಯೂಟರಿಗೆ ತಂದ ಕೊರ್ಬಾಟೊ 2014ರಲ್ಲಿ ಸಂದರ್ಶನವೊಂದರಲ್ಲಿ, ಅದೀಗ ದುಃಸ್ವಪ್ನದಂತಾಗಿದೆ ಎಂದು ಹೇಳಿಕೊಂಡರು. ಅವರು 2019ರಲ್ಲಿ ತೀರಿಕೊಂಡರು. ಒಂದು ಕೋಣೆಯ ಕೆಲವರಿಗಾಗಿ ಮಾಡಿದ ಬೀಗವನ್ನು ಇಡೀ ಜಗತ್ತು ತನ್ನ ಮನೆಬಾಗಿಲಿಗೆ ಹಾಕಿಕೊಳ್ಳುತ್ತದೆಂದು ಅವರಾದರೂ ಹೇಗೆ ಊಹಿಸಿಯಾರು?

ದೊಡ್ಡಗದ್ದವಳ್ಳಿಯ ಬೇತಾಳರು ಒಂಬತ್ತು ಶತಮಾನಗಳಿಂದ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಹೋಗುವವರು ಯಾರೆಂದು ನೋಡುವುದು ಅವರ ಕೆಲಸ. ಒಳಗಿನ ಸಂಪತ್ತು ಅವರದಲ್ಲ. ನಮ್ಮ ಪಹಣಿ, ಪಿಂಚಣಿಗಳನ್ನು ಕಾಯುವ ಯಂತ್ರಗಳಿಂದಲೂ, ಅವನ್ನು ನಡೆಸುವವರಿಂದಲೂ ಹಳ್ಳಿಯ ರೈತ ಕೇಳಬೇಕಾದದ್ದು ಅಷ್ಟೇ: ಯಾರು ಒಳಗೆ ಬಂದರು, ಏನು ತಿದ್ದಿದರು ಎಂಬುದಕ್ಕೆ ಒಂದು ಹೆಸರು ಇರಲಿ, ಆ ಹೆಸರು ನಿಜವಾಗಿಯೂ ಅವರದೇ ಆಗಿರಲಿ.